ಬೀದಿ ಯಾರ ಲೆಕ್ಕದಲ್ಲಿದೆ? ಮುನ್ಸಿಪಾಲ್ಟಿಯ ಠರಾವು ಪುಸ್ತಕವನ್ನು ಓದುವ ಬಗೆ

1

ಕೌಜಲಗಿ ಎಂದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಪಾರಿಜಾತದ ನಿಂಗಮ್ಮ. ಶ್ರೀಕೃಷ್ಣ ಪಾರಿಜಾತ ನಡೆಯುತ್ತಿದ್ದುದು ಥೇಟರಿನಲ್ಲಲ್ಲ. ಬೀದಿಯಲ್ಲಿ, ಊರ ನಡುವಿನ ಬಯಲಿನಲ್ಲಿ, ಬೆಳತನಕ. ನಮ್ಮ ಮುತ್ಯಾ ತಾನು ನೋಡಿದ ಆಟಗಳ ಸುದ್ದಿ ಹೇಳುವಾಗ ಭಾಮೆಯ ಹಾಡು, ದೂತಿಯ ಚೇಷ್ಟೆ ಎಲ್ಲ ಮಾಡಿ ತೋರಿಸುತ್ತಿದ್ದ. ಒಮ್ಮೆ ನಾನು, "ಮುತ್ಯಾ, ಆಟದಾಗ ನೀ ಎಲ್ಲಿ ಕುಂದ್ರತಿದ್ದಿ?" ಅಂತ ಕೇಳಿದೆ. "ಕುಂದ್ರೂದೆಲ್ಲಿ ಬಂತೋ ತಮ್ಮಾ, ಕಟ್ಟಿ ಆಚೀಕ ನಿಂತು ನೋಡೂದು" ಎಂದ. ಯಾವ ಊರಿನ ಕಟ್ಟೆ ಎಂದು ನಾನು ಕೇಳಲಿಲ್ಲ. ಸುತ್ತಿನ ಎಲ್ಲ ಊರಿಗೂ ಆ ಉತ್ತರ ಹೊಂದುತ್ತಿತ್ತು.

ಮುತ್ಯಾನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಆಟ ನಡೆದ ಜಾಗ ಯಾರ ಖಾಸಗಿ ಆಸ್ತಿಯೂ ಆಗಿರಲಿಲ್ಲ. ಸರಕಾರಿ ದಫ್ತರದಲ್ಲಿ ಅದು ಸಾರ್ವಜನಿಕ ರಸ್ತೆ. ಆದರೆ ಅಲ್ಲಿ ಯಾರು ಕೂಡಬೇಕು, ಯಾರು ನಿಲ್ಲಬೇಕು ಎಂಬುದನ್ನು ತೀರ್ಮಾನಿಸಿದ್ದು ದಫ್ತರವಲ್ಲ, ರೂಢಿ. ಈ ರೂಢಿಯನ್ನು ನಮ್ಮ ದಲಿತ ಸಾಹಿತ್ಯ ಚೆನ್ನಾಗಿಯೇ ಓದಿದೆ. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಂಥ ಆತ್ಮಕಥನಗಳು ಬಂದ ಮೇಲೆ ಊರಿಗೂ ಕೇರಿಗೂ ನಡುವೆ ಇರುವ ಗೆರೆ ಕನ್ನಡ ಓದುಗನಿಗೆ ಹೊಸ ಸಂಗತಿಯೇನಲ್ಲ. ಆದರೆ ಹಳ್ಳಿ ಪಟ್ಟಣವಾದಾಗ ಆ ಗೆರೆ ಏನಾಗುತ್ತದೆ ಎಂಬುದನ್ನು ನಮ್ಮ ವಿಮರ್ಶೆ ಅಷ್ಟಾಗಿ ಕೇಳಿಲ್ಲ. ಪಟ್ಟಣಕ್ಕೆ ಹೋದರೆ ಗೆರೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ನಂಬಿಕೊಂಡೇ ಬಂದಿದ್ದೇವೆ.

ನಮ್ಮ ಭಾಗಕ್ಕೆ ಇದು ತುರ್ತಿನ ಪ್ರಶ್ನೆ. ಗೋಕಾಕದಲ್ಲಿ ನಗರಸಭೆ ಇದೆ. ಹುಕ್ಕೇರಿ, ಸಂಕೇಶ್ವರ, ಮೂಡಲಗಿಗಳಲ್ಲಿ ಪುರಸಭೆಗಳಿವೆ. ನಾವು ನೋಡುತ್ತಿದ್ದಂತೆಯೇ ಕಲ್ಲೋಳಿ, ಅರಭಾವಿ, ನಾಗನೂರಗಳು ಗ್ರಾಮ ಪಂಚಾಯತಿ ಬಿಟ್ಟು ಪಟ್ಟಣ ಪಂಚಾಯತಿಗಳಾದವು. ಹೀಗೆ ಪಟ್ಟಣವಾದ ಊರಿನ ಬೀದಿ, ಸಂತೆ, ಗಟಾರು, ಪಾರ್ಕು, ಸ್ಮಶಾನಗಳನ್ನು ಯಾರು, ಯಾವ ಅಧಿಕಾರದಿಂದ, ಯಾವ ಕಾಗದದ ಮೂಲಕ ನಡೆಸುತ್ತಾರೆ ಎಂಬುದನ್ನು ತಿಳಿಸುವುದು ಈ ಲೇಖನದ ಮೊದಲ ಉದ್ದೇಶ. ಎರಡನೆಯದು ಒಂದು ವಾದ. ಹಳ್ಳಿಯಲ್ಲಿ ಕೇರಿ ರೂಢಿಯಿಂದ ಉಳಿದುಕೊಂಡಿದೆ. ಪಟ್ಟಣದಲ್ಲಿ ಅದು ಠರಾವಿನಿಂದ ಮತ್ತೆ ಹುಟ್ಟಿಕೊಳ್ಳುತ್ತದೆ. ಆದರೆ ರೂಢಿಗೆ ಕಾಗದವಿಲ್ಲ, ಸಹಿ ಇಲ್ಲ, ತಾರೀಖು ಇಲ್ಲ. ಠರಾವಿಗೆ ಈ ಮೂರೂ ಇವೆ. ಆದ್ದರಿಂದಲೇ ಅದನ್ನು ಹಿಡಿದು ಪ್ರಶ್ನಿಸಲು ಬರುತ್ತದೆ.

2

ಕರ್ನಾಟಕದ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳು 1964ರ ಪುರಸಭೆಗಳ ಕಾಯ್ದೆಯ ಕೆಳಗೆ ಬರುತ್ತವೆ. ಬೆಳಗಾವಿ, ಹುಬ್ಬಳ್ಳಿ-ಧಾರವಾಡದಂಥ ಮಹಾನಗರಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಕಾಯ್ದೆಯ ಪ್ರಕಾರ ಸಾರ್ವಜನಿಕ ಬೀದಿ, ಅದರ ಕಲ್ಲು ಮಣ್ಣು, ಪಕ್ಕದ ಗಟಾರು, ದಂಡೆಯ ಗಿಡ ಇವೆಲ್ಲ ಪುರಸಭೆಯ ವಶದಲ್ಲಿರುತ್ತವೆ. 'ವಶ' ಎಂಬ ಮಾತನ್ನು ಎಚ್ಚರಿಕೆಯಿಂದ ಓದಬೇಕು. ಹೊಲದ ಮಾಲಕ ಹೊಲವನ್ನು ಇಟ್ಟುಕೊಂಡಂತೆ ಪುರಸಭೆ ಬೀದಿಯನ್ನು ಇಟ್ಟುಕೊಳ್ಳುವಂತಿಲ್ಲ. ಎಲ್ಲರ ಉಪಯೋಗಕ್ಕಾಗಿ ಕಾಯ್ದುಕೊಂಡಿರಬೇಕು, ಅಷ್ಟೇ. ಮಾಲಕರು ನಾವು, ಅದು ಕಾವಲುಗಾರ.

ಈ ಕಾವಲಿನ ಕೆಲಸ ನಡೆಯುವುದು ಎರಡು ಕೈಗಳಿಂದ. ಒಂದು ಕೈ ಆರಿಸಿಬಂದ ಸದಸ್ಯರ ಸಾಮಾನ್ಯ ಸಭೆ. ಅದು ಠರಾವು ಮಾಡುತ್ತದೆ. ಇನ್ನೊಂದು ಕೈ ಮುಖ್ಯಾಧಿಕಾರಿ (ನಗರಸಭೆಯಾದರೆ ಪೌರಾಯುಕ್ತ) ಮತ್ತು ಅವರ ಕೆಳಗಿನ ಕಂದಾಯ, ಆರೋಗ್ಯ, ಎಂಜಿನಿಯರಿಂಗ್ ಶಾಖೆಗಳು. ಅವು ಠರಾವನ್ನು ಜಾರಿಗೆ ತರುತ್ತವೆ. ಅಂಗಡಿ ಮುಂದೆ ಬಂದರೆ ತೆಗೆಸುವುದು, ಪೆಂಡಾಲಿಗೆ ಪರವಾನಿಗೆ ಕೊಡುವುದು, ಸಂತೆ ಕರ ವಸೂಲಿ, ಸರ್ಕಲ್ಲಿಗೆ ಹೆಸರಿಡುವುದು ಎಲ್ಲವೂ ಈ ಎರಡು ಕೈಗಳ ನಡುವೆಯೇ ಆಗುತ್ತದೆ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ರಸ್ತೆ, ಬೀದಿದೀಪ, ಉದ್ಯಾನ, ಆಟದ ಬಯಲು, ಸ್ಮಶಾನಗಳನ್ನು ನಗರಾಡಳಿತದ 18 ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. ಸಭೆಯಲ್ಲಿ ಪರಿಶಿಷ್ಟರಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಾಗದಂತೆ ಸ್ಥಾನಗಳನ್ನು ಕಾಯ್ದಿರಿಸಿತು.

ಪುರಸಭೆಗಳ ಕಾಯ್ದೆ ಕೆಲಸಗಳನ್ನು ಎರಡು ಯಾದಿ ಮಾಡಿದೆ. ಮೊದಲನೆಯದು ಕಡ್ಡಾಯ ಕೆಲಸಗಳ ಯಾದಿ: ಬೀದಿ ಗುಡಿಸುವುದು, ಗಟಾರು ತೆಗೆಯುವುದು, ಹೊಲಸು ಸಾಗಿಸುವುದು, ದೀಪ ಹಚ್ಚುವುದು. ಎರಡನೆಯದು ಸಭೆಯ ಇಚ್ಛೆಗೆ ಬಿಟ್ಟ ಕೆಲಸಗಳ ಯಾದಿ: ಪಾರ್ಕು, ತೋಟ, ವಾಚನಾಲಯದಂಥವು. ಆಡಳಿತಗಾರನಿಗೆ ಇದು ಕೇವಲ ಅನುಕೂಲದ ವಿಂಗಡಣೆ. ದಲಿತನ ಕಣ್ಣಿಂದ ಓದಿದರೆ ಬೇರೊಂದು ಅರ್ಥ ಹೊರಡುತ್ತದೆ. ದಲಿತನ ಮೈ ಇಲ್ಲದೆ ಮೊದಲನೆಯ ಯಾದಿ ಒಂದು ದಿನವೂ ನಡೆಯುವುದಿಲ್ಲ. ಎರಡನೆಯ ಯಾದಿಯಲ್ಲಿ ಅವನು ಬಂದರೂ ನಡೆದೀತು, ಬರದಿದ್ದರೂ ನಡೆದೀತು. ಬೀದಿಯಲ್ಲಿ ದುಡಿಯುವವನಾಗಿ ಅವನು ಕಡ್ಡಾಯ. ಬೀದಿಯಲ್ಲಿ ಕೂಡುವವನಾಗಿ ಐಚ್ಛಿಕ.

3

ಮಹಾಡದ ಕೆರೆ ಸತ್ಯಾಗ್ರಹವನ್ನು ನಾವೆಲ್ಲ ಹೋರಾಟದ ಕಥೆಯಾಗಿ ಕೇಳಿದ್ದೇವೆ. ಅದು ಒಂದು ಮುನ್ಸಿಪಾಲ್ಟಿಯ ಕಥೆಯೂ ಹೌದು. ಈ ಮಗ್ಗುಲನ್ನು ಸ್ವಲ್ಪ ಬಿಡಿಸಿ ನೋಡಬೇಕು.

1923ರ ಆಗಸ್ಟ್‌ನಲ್ಲಿ ಮುಂಬೈ ವಿಧಾನ ಪರಿಷತ್ತು ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿತು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ಸಾರ. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಅದೇ ಮುಂಬೈ ಪ್ರಾಂತದಲ್ಲಿತ್ತು. ಅಂದರೆ ಬೋಲೆ ಠರಾವು ಮಹಾಡಕ್ಕೆ ಎಷ್ಟು ಸಂಬಂಧಪಟ್ಟಿತ್ತೋ ಗೋಕಾಕ, ಹುಕ್ಕೇರಿಗಳಿಗೂ ಅಷ್ಟೇ ಸಂಬಂಧಪಟ್ಟಿತ್ತು. 1925ರಲ್ಲಿ ಅಂಬೇಡ್ಕರ್ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಪ್ರಾಂತದ ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ್ದು ಇದೇ ಕಾಲದಲ್ಲಿ.

ಮಹಾಡದ ಮುನ್ಸಿಪಾಲ್ಟಿ 1924ರ ಜನವರಿಯಲ್ಲಿ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯುವ ಠರಾವು ಮಾಡಿತು. ಮೂರು ವರ್ಷ ಕಳೆದರೂ ಅಸ್ಪೃಶ್ಯರು ಆ ಕೆರೆಯ ನೀರು ಮುಟ್ಟಲಿಲ್ಲ. ಕಾಗದ ಹೌದೆನ್ನುತ್ತಿತ್ತು, ದಂಡೆಯ ಮೇಲೆ ನಿಂತ ರೂಢಿ ಬೇಡವೆನ್ನುತ್ತಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ನಡೆದುಹೋಗಿ ನೀರು ಕುಡಿದರು, ಏಟು ತಿಂದರು. ಆಮೇಲೆ ಅದೇ ವರ್ಷ ಆಗಸ್ಟ್‌ನಲ್ಲಿ ಮುನ್ಸಿಪಾಲ್ಟಿ ತನ್ನ ಮೊದಲ ಠರಾವನ್ನು ರದ್ದು ಮಾಡಿತು. ಡಿಸೆಂಬರ್‌ನ ಎರಡನೇ ಪರಿಷತ್ತಿನಲ್ಲಿ ಮನುಸ್ಮೃತಿ ಸುಡಲಾಯಿತು. ಸವರ್ಣೀಯರು ಕೋರ್ಟಿಗೆ ಹೋಗಿ, ಕೆರೆ ಖಾಸಗಿ ಆಸ್ತಿ, ಅಸ್ಪೃಶ್ಯರನ್ನು ದೂರ ಇಡುವುದು ಅನಾದಿಕಾಲದ ರೂಢಿ ಎಂದು ವಾದಿಸಿದರು. ದಾವೆ ಹತ್ತು ವರ್ಷ ನಡೆಯಿತು. ಕೆರೆ ಮುನ್ಸಿಪಾಲ್ಟಿಯದೇ ಎಂದು ತೀರ್ಮಾನವಾಯಿತು. ಅನಾದಿ ರೂಢಿಯನ್ನು ವಾದಿಗಳು ಸಾಬೀತು ಮಾಡಿಲ್ಲ ಎಂದು 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟ್ ತೀರ್ಪು ಕೊಟ್ಟಿತು.

ಇದರಿಂದ ಮೂರು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ಠರಾವು ತಾನಾಗಿ ಏನನ್ನೂ ತೆರೆಯುವುದಿಲ್ಲ, ಜನ ನಡೆದುಹೋಗಬೇಕು. ಎರಡು, ಜನ ನಡೆದುಹೋದ ಕೂಡಲೇ ಠರಾವು ಹಿಂದಕ್ಕೂ ಹೋಗಬಹುದು. ಮೂರು, ಹಾಗಿದ್ದೂ ಆ ಕಾಗದವೇ ಕೊನೆಗೆ ನಮ್ಮ ಕೈ ಹಿಡಿಯಿತು. ಕೆರೆ ಒಬ್ಬ ಜಮೀನುದಾರನದಾಗಿದ್ದರೆ ದಾವೆಯ ದಾರಿಯೇ ಬೇರೆಯಾಗುತ್ತಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15(2)ನೇ ವಿಧಿ ಸರಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಮೀಸಲಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರು ಹಿಡಿದು ಹೇಳುತ್ತದೆ. ಅದನ್ನು ಓದುವಾಗಲೆಲ್ಲ ಅದರ ಹಿಂದೆ ಬೋಲೆ ಠರಾವಿನ, ಮಹಾಡದ ನೆನಪು ಇದೆ ಎಂದೇ ನನಗೆ ಅನ್ನಿಸುತ್ತದೆ.

4

ಇನ್ನು ಕಸಬರಿಗೆಯ ವಿಷಯ. ಬೀದಿ ಸ್ವಚ್ಛ ಇಡುವ ನೌಕರರಿಗೆ ನಮ್ಮ ಕಡೆ ಝಾಡಮಾಲಿ ಅನ್ನುತ್ತಿದ್ದರು. ಈಗಿನ ಹೆಸರು ಪೌರಕಾರ್ಮಿಕ. ಪೌರ ಎಂದರೆ ನಗರದ ನಿವಾಸಿ, ನಾಗರಿಕ. ಹೆಸರಿನಲ್ಲಿ ಪೌರತ್ವ ಬಂತು. ಆದರೆ ಆ ಕೆಲಸ ಇಂದಿಗೂ ಹೆಚ್ಚಾಗಿ ಪರಿಶಿಷ್ಟ ಜಾತಿಗಳ ಕೈಯಲ್ಲೇ, ಅದರಲ್ಲೂ ಹೆಣ್ಣುಮಕ್ಕಳ ಕೈಯಲ್ಲೇ ಉಳಿದಿದೆ.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಬಿ. ಬಸವಲಿಂಗಪ್ಪನವರು, ಎಪ್ಪತ್ತರ ದಶಕದ ಮೊದಲಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಮಂತ್ರಿಯಾಗಿದ್ದಾಗ. 1973ರ ಬೂಸಾ ಪ್ರಕರಣವನ್ನು ನಾವು ಸಾಹಿತ್ಯದ ಗದ್ದಲವಾಗಿ ನೆನೆಯುತ್ತೇವೆ. ಆ ಮಾತಿಗೆ ಮಂತ್ರಿ ಪದವಿ ಬಿಡಬೇಕಾಗಿ ಬಂದ ಮನುಷ್ಯ ಮುನ್ಸಿಪಾಲ್ಟಿಗಳ ಹೊಲಸಿನ ವ್ಯವಸ್ಥೆಗೆ ಕೈ ಹಾಕಿದವರೂ ಹೌದು ಎಂಬುದನ್ನು ಮರೆಯುತ್ತೇವೆ. ಕನ್ನಡ ಸಾಹಿತ್ಯ ಬೂಸಾ ಹೌದೋ ಅಲ್ಲೋ ಎಂಬ ಚರ್ಚೆ ದೊಡ್ಡದಾಯಿತು. ಮಲದ ಬುಟ್ಟಿಯ ಚರ್ಚೆ ಸಣ್ಣದಾಯಿತು. ಪೌರಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಮಲ ಹೊರುವ ಪದ್ಧತಿಯ ವಿರುದ್ಧ ಕೇಂದ್ರದ ಕಾಯ್ದೆಗಳು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬಂದವು. 2022ರ ಜುಲೈನಲ್ಲಿ ಕೂಡ ರಾಜ್ಯದ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿರೆಂದು ಮುಷ್ಕರ ಹೂಡಬೇಕಾಯಿತು.

ಇಲ್ಲಿ ಸವಣೂರಿನ ಪ್ರಕರಣವನ್ನು ನಿಧಾನವಾಗಿ ನೋಡಬೇಕು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವು ಕುಟುಂಬಗಳು ಹಲವು ದಶಕಗಳಿಂದ ಊರಿನ ಪಾಯಖಾನೆಗಳನ್ನು ಶುಚಿ ಮಾಡುತ್ತ, ಊರೊಳಗೇ ಒಂದು ಜಾಗದಲ್ಲಿ ವಾಸವಾಗಿದ್ದವು. ಪುರಸಭೆಗೆ ಆ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕಾಗಿತ್ತು. ಜಾಗ ಬಿಡಿ ಎಂದು ಅವರ ಮೇಲೆ ಒತ್ತಡ ಬಂತು, ನೀರಿಗೂ ತತ್ವಾರವಾಯಿತು. ಅರ್ಜಿ ಕೊಟ್ಟರೂ ಕೇಳುವವರಿರಲಿಲ್ಲ. 2010ರ ಜುಲೈ 20ರಂದು ಅವರು ಪುರಸಭೆಯ ಕಚೇರಿಯ ಮುಂದೆ ಬಂದು, ತಾವು ದಿನಾ ಎತ್ತುತ್ತಿದ್ದ ಮಲವನ್ನೇ ತಮ್ಮ ಮೈಮೇಲೆ ಸುರಿದುಕೊಂಡರು. ಕಾಗದದಲ್ಲಿ ಎಂದೋ ನಿಂತುಹೋಗಿದ್ದ ಪದ್ಧತಿ ಅಂದು ಕಚೇರಿಯ ಬಾಗಿಲಲ್ಲೇ ಎಲ್ಲರ ಕಣ್ಣಿಗೆ ಬಿತ್ತು.

ಪತ್ರಿಕೆಗಳು ಇದನ್ನು ಅಮಾನುಷ ಎಂದವು. ಅದು ಸರಿಯೇ. ಆದರೆ ಆ ಶಬ್ದದಿಂದ ಘಟನೆಯ ಕಾರಣ ತಿಳಿಯುವುದಿಲ್ಲ. ಇದು ಬರೀ ಮಲದ ಪ್ರಶ್ನೆಯಲ್ಲ, ಜಾಗದ ಪ್ರಶ್ನೆ. ಊರಿಗೆ ಆ ಕುಟುಂಬಗಳ ಕೆಲಸ ಬೇಕಾಗಿತ್ತು, ಅವರ ವಾಸ ಬೇಕಾಗಿರಲಿಲ್ಲ. ಜಾಗಕ್ಕೆ ಬೆಲೆ ಇಲ್ಲದಿದ್ದಾಗ ಅವರು ಅಲ್ಲಿರುವುದು ಯಾರಿಗೂ ತೊಂದರೆ ಅನ್ನಿಸಿರಲಿಲ್ಲ. ಬೆಲೆ ಬಂದಾಗ ಅವರು ಅತಿಕ್ರಮಣದಾರರಾದರು. ಈ ಹೊರಹಾಕುವಿಕೆಯಲ್ಲಿ ಯಾರೂ ಜಾತಿಯ ಹೆಸರು ಎತ್ತಬೇಕಾಗಿಲ್ಲ. 'ಅಭಿವೃದ್ಧಿ', 'ಮಳಿಗೆ', 'ತೆರವು' ಎಂಬ ಮೂರು ಶಬ್ದ ಸಾಕು. ಠರಾವಿನಿಂದ ಕೇರಿ ಹುಟ್ಟುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

5

ಠರಾವಿನ ನಂತರದ ಹತಾರ ಲೀಲಾವು. ಸಂತೆಯ ಕರ, ಬಸ್ ಸ್ಟ್ಯಾಂಡ್ ಹತ್ತಿರದ ಮಳಿಗೆ, ಎಲ್ಲವೂ ಲೀಲಾವಿಗೆ ಬರುತ್ತವೆ. ಲೀಲಾವು ನೋಡಲಿಕ್ಕೆ ಬಹಳ ನ್ಯಾಯವಾದ ಪದ್ಧತಿ: ಯಾರು ಹೆಚ್ಚು ಕೂಗುತ್ತಾರೋ ಅವರಿಗೆ. ಆದರೆ ಅನಾಮತ್ತು ರಕಮು ಕಟ್ಟುವವರು ಮಾತ್ರ ಕೂಗಬಲ್ಲರು. ಸಂತೆಯ ದಿನ ಗುತ್ತಿಗೆದಾರನ ಆಳು ಪಾವತಿ ಹರಿದುಕೊಂಡು ಬರುವಾಗ ಅವನ ಎದುರು ಕೂತವರನ್ನು ನೋಡಿರಿ. ಚಪ್ಪಲಿ ಹೊಲಿಯುವವರು, ಕಸಬರಿಗೆ, ಬುಟ್ಟಿ, ಹಗ್ಗ ಮಾರುವವರು ಸಾಮಾನ್ಯವಾಗಿ ಸಂತೆಯ ಅಂಚಿನಲ್ಲಿ, ಗಟಾರಿನ ದಂಡೆಗೆ ಇರುತ್ತಾರೆ. ಹಳ್ಳಿಯ ನಕಾಶೆ ಸಂತೆಯೊಳಗೆ ಹಾಗೇ ಬಂದು ಕೂತಿರುತ್ತದೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಈ ಸ್ಥಿತಿಯನ್ನು ಬದಲಿಸಬಲ್ಲ ಕಾನೂನು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಪರಿಶಿಷ್ಟರಿಗೂ ಸೂಕ್ತ ಪ್ರಾತಿನಿಧ್ಯ ಇರಬೇಕು ಎನ್ನುತ್ತದೆ. ನಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಯಾವಾಗ ಸಭೆ ಸೇರಿತು ಎಂದು ಕೇಳಿದ ಸಂಘಟನೆಗಳು ಕಡಿಮೆ. ಚಪ್ಪಲಿ ಹೊಲಿಯುವವನ ಬಗ್ಗೆ ಕವಿತೆ ಬರೆದಿದ್ದೇವೆ. ಅವನು ಕೂತ ನಾಲ್ಕು ಅಡಿ ಜಾಗದ ಕಾಗದವನ್ನು ಓದಿಲ್ಲ.

ಹಳ್ಳಿ ಪಟ್ಟಣ ಪಂಚಾಯತಿಯಾದಾಗ ಇನ್ನೊಂದು ಬದಲಾವಣೆಯೂ ಆಗುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿ ಗ್ರಾಮಕ್ಕೆ ಮಾತ್ರ. ಪಟ್ಟಣದ ಬೋರ್ಡು ಬಿದ್ದ ದಿನ ಅದು ಹೋಗುತ್ತದೆ. ಖುಲ್ಲಾ ಜಾಗಕ್ಕೆ ಬೆಲೆ ಏರುತ್ತದೆ. ಕಾಗದಪತ್ರ ಸರಿಯಿಲ್ಲದ ಮನೆಗಳು ಎಲ್ಲರಿಗಿಂತ ಹೆಚ್ಚು ನಮ್ಮ ಓಣಿಗಳಲ್ಲೇ ಇರುತ್ತವೆ. ಊರು ಪಟ್ಟಣವಾಯಿತೆಂದು ಪಟಾಕಿ ಹೊಡೆಯುವ ಮೊದಲು ಈ ಲೆಕ್ಕವನ್ನೂ ಮಾಡಬೇಕು.

6

ಇನ್ನು ಪಾರ್ಕು ಮತ್ತು ಪುತ್ಥಳಿ. ದಲಿತರಿಗೆ ಹೊಟ್ಟೆಯ ಪ್ರಶ್ನೆ ಬಿಟ್ಟು ಪುತ್ಥಳಿಯ ಪ್ರಶ್ನೆಯೇ ದೊಡ್ಡದಾಗಿದೆ ಎಂದು ನಮ್ಮ ಪ್ರಗತಿಪರ ಗೆಳೆಯರು ಕೆಲವರು ಹೇಳುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಬೆಳಗಾವಿಯ ಅಂಬೇಡ್ಕರ್ ಉದ್ಯಾನಕ್ಕೆ ಏಪ್ರಿಲ್ 14ರಂದು ಬರುವ ಜನರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹಳ್ಳಿಯಿಂದ ಬಂದ ಮುದುಕಿ ಅಲ್ಲಿ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಾಳೆ. ಕಟ್ಟೆಯ ಆಚೆ ನಿಂತು ಆಟ ನೋಡಿದವರಿಗೆ ಊರ ನಡುವೆ, ಯಾರ ಅಪ್ಪಣೆಯೂ ಇಲ್ಲದೆ ಕೂಡಬಹುದಾದ ಜಾಗ ಅದು. ಪುತ್ಥಳಿ ಆ ಜಾಗಕ್ಕೆ ಕಾವಲು. ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಡಿಸೆಂಬರ್ 6ರಂದು ಮಾನವ ಬಂಧುತ್ವ ವೇದಿಕೆ ಸತೀಶ ಜಾರಕಿಹೊಳಿಯವರ ಮುಂದಾಳತ್ವದಲ್ಲಿ ನಡೆಸಿಕೊಂಡು ಬಂದ ಕಾರ್ಯಕ್ರಮದಲ್ಲೂ ಇದೇ ಅರ್ಥವಿದೆ. ಜನ ಹೆದರಿ ದೂರವಿಟ್ಟ ಸಾರ್ವಜನಿಕ ಜಾಗದಲ್ಲಿ ಕೂತು, ಉಂಡು, ಮಾತಾಡಿ ಅದನ್ನು ನಿಜಕ್ಕೂ ಸಾರ್ವಜನಿಕ ಮಾಡುವುದು.

ಕಾನೂನು ಇಲ್ಲಿ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಸಾರ್ವಜನಿಕ ರಸ್ತೆ, ಪಾರ್ಕುಗಳಲ್ಲಿ ಅನಧಿಕೃತವಾಗಿ ಯಾವ ಧರ್ಮದ ಗುಡಿಯನ್ನೂ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಆದೇಶ ಮಾಡಿತು. ರಸ್ತೆ, ಫುಟ್‌ಪಾತುಗಳ ಮೇಲೆ ಪುತ್ಥಳಿಗೆ ಅನುಮತಿ ಕೊಡಬಾರದೆಂದು 2013ರ ಜನವರಿಯಲ್ಲಿ ಹೇಳಿತು. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯ ಗುಡಿಯನ್ನು ಅಧಿಕಾರಿಗಳು ಕೆಡವಿದಾಗ ದೊಡ್ಡ ಗಲಾಟೆಯಾಯಿತು. ಅದೇ ತಿಂಗಳಲ್ಲಿ ವಿಧಾನಸಭೆ, ಸಾರ್ವಜನಿಕ ಜಾಗದಲ್ಲಿ ಪರವಾನಿಗೆಯಿಲ್ಲದೆ ಈಗಾಗಲೇ ಇದ್ದ ಧಾರ್ಮಿಕ ಕಟ್ಟಡಗಳನ್ನು ಕಾಪಾಡುವ ಮಸೂದೆಯನ್ನು ಒಪ್ಪಿತು. ಗುಡಿಯ ಭಕ್ತರ ಭಾವನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೋಲಿಸಿ ನೋಡಿರಿ ಎಂದಷ್ಟೇ ಹೇಳುತ್ತೇನೆ. ರಸ್ತೆಯ ಮೇಲಿನ ದೇವರಿಗೆ ಕೆಲವೇ ದಿನಗಳಲ್ಲಿ ಕಾನೂನು ಓಡಿಬಂತು. ಸವಣೂರಿನ ಮನುಷ್ಯರು ಮಲ ಸುರಿದುಕೊಳ್ಳಬೇಕಾಯಿತು.

7

ಕೊನೆಗೆ ರೊಕ್ಕದ ಮಾತು. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ-ಪಂಗಡಗಳ ಸಲುವಾಗಿ ಖರ್ಚು ಮಾಡಬೇಕೆಂಬ ನಿಯಮ ಇದೆ. ರಾಜ್ಯದ ಬಜೆಟ್ಟಿನಲ್ಲಿ ಇದೇ ತತ್ವ 2013ರ ಉಪಯೋಜನೆ ಕಾಯ್ದೆಯಾಗಿ ಬಂತು. ಆ ಕಾಯ್ದೆಯಲ್ಲಿ 7(ಡಿ) ಎಂಬ ಒಂದು ಸಣ್ಣ ಉಪಕಲಮು ಇತ್ತು. ಎಲ್ಲರೂ ಬಳಸುವ ದೊಡ್ಡ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು, ಪರಿಶಿಷ್ಟರೂ ಅದನ್ನು ಬಳಸುತ್ತಾರೆ ಎಂಬ ನೆಪದಲ್ಲಿ, ಅವರ ಲೆಕ್ಕಕ್ಕೆ ಬರೆಯಲು ಅದು ದಾರಿ ಮಾಡಿಕೊಟ್ಟಿತ್ತು. ನಡೆಯಲು ಬಿಡದ ಕಾಲದಲ್ಲಿ ಬೀದಿ ನಮ್ಮದಲ್ಲ ಎಂದರು. ಖರ್ಚು ಬರೆಯುವ ಕಾಲಕ್ಕೆ ಅದು ನಮ್ಮದೂ ಹೌದು ಎಂದರು. ದಲಿತ ಸಂಘಟನೆಗಳ ಬಹುದಿನಗಳ ಒತ್ತಾಯದ ಮೇಲೆ 2023ರಲ್ಲಿ ಆ ಉಪಕಲಮನ್ನು ತೆಗೆದುಹಾಕಲಾಯಿತು. ಒಂದು ಉಪಕಲಮು ಓದಲು ಬಂದದ್ದರಿಂದ ಸಿಕ್ಕ ಗೆಲುವು ಇದು.

ದಲಿತ ವಿಮರ್ಶೆ ಎಂದರೆ ದಲಿತರು ಬರೆದ ಕಥೆ-ಕವಿತೆಯ ವಿಮರ್ಶೆ ಮಾತ್ರ ಎಂದು ತಿಳಿದರೆ ನಮ್ಮ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಯಜಮಾನ ಸಮಾಜ ಪುರಾಣ, ಕಾವ್ಯಗಳಲ್ಲಿ ಮಾತ್ರ ಬರೆದುಕೊಂಡಿಲ್ಲ. ಠರಾವು ಪುಸ್ತಕ, ಲೀಲಾವಿನ ನೋಟೀಸು, ಹಾಜರಿ ಪಟ್ಟಿ, ಕ್ರಿಯಾ ಯೋಜನೆಗಳಲ್ಲೂ ಬರೆದುಕೊಂಡಿದೆ. ಇವೂ ಪಠ್ಯಗಳೇ. ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಬರೆಯಿರಿ, ದಫ್ತರ ನೋಡಲು, ನಕಲು ಪಡೆಯಲು ಅದರಲ್ಲಿ ಅವಕಾಶವಿದೆ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಕಳೆದ ಐದು ವರ್ಷದಲ್ಲಿ ಯಾವ ಓಣಿಗೆ ಎಷ್ಟು ದೀಪ, ಎಷ್ಟು ಗಟಾರು? ಪರಿಶಿಷ್ಟರ ನಿಧಿಯಲ್ಲಿ ಮಾಡಿದ ರಸ್ತೆ ಯಾವ ಮನೆಯ ಮುಂದೆ ಮುಗಿಯುತ್ತದೆ? ಮೀಸಲು ಮಳಿಗೆ ಯಾರ ಹೆಸರಲ್ಲಿದೆ, ಗಲ್ಲೆಯ ಮೇಲೆ ಯಾರು ಕೂತಿದ್ದಾರೆ? ಪೌರಕಾರ್ಮಿಕರ ಮನೆಗಳು ಊರಿನ ಯಾವ ದಿಕ್ಕಿಗಿವೆ, ಕಸ ಒಟ್ಟುವ ಜಾಗ ಯಾವ ದಿಕ್ಕಿಗಿದೆ? ತೆರವಿನ ಠರಾವು ಓದಿದ ದಿನ ನಮ್ಮ ಮೀಸಲು ಸದಸ್ಯರು ಸಭೆಯಲ್ಲಿದ್ದರೋ, ಇದ್ದರೆ ಏನು ಮಾತಾಡಿದರು?

ಒಮ್ಮೆ ನಾನು ಇಂಥದೇ ಒಂದು ಅರ್ಜಿ ಹಿಡಿದು ಒಂದು ಪಟ್ಟಣದ ಕಚೇರಿಗೆ ಹೋಗಿದ್ದೆ. ಗುಮಾಸ್ತರು ಅರ್ಜಿ ಓದಿ, "ಸರ, ನೀವು ಕನ್ನಡ ಮಾಸ್ತರು, ನಿಮಗ್ಯಾಕ್ರಿ ಗಟಾರದ ಲೆಕ್ಕ?" ಎಂದರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಮುತ್ಯಾ ನಿಂತ ಕಟ್ಟೆಯ ಸಂಗತಿ ಅವರಿಗೆ ಹೇಳಲಿಲ್ಲ. ಪಾವತಿ ಇಸಿದುಕೊಂಡು ಬಂದೆ. ಮೂವತ್ತು ದಿನ ಕಾಯುವುದು, ಕೊಡದಿದ್ದರೆ ಅಪೀಲು ಹೋಗುವುದು. ಕಾಗದ ಕೈಗೆ ಬಂದ ಮೇಲೆ ಓಣಿಯ ನಾಲ್ಕು ಮಂದಿಯನ್ನು ಕೂಡಿಸಿ ಗಟ್ಟಿಯಾಗಿ ಓದುವುದು. ಅಲ್ಲಿಂದ ಮುಂದಿನದು ಓಣಿಯ ಕೆಲಸ.